ಸ್ಟಿಯರಿಂಗ್ ಮೇಲಿನ ಬೂಟು

ಟ್ರೆವಾನಿಯನ್ ಹಾಲೇಜ್ ಕಂಪನಿ ನೋಲೀನ್ ಹ್ಯಾಚರ್ಡ್‌ಗೆ ಒಂದು ಇಡೀ ಬೇಸಿಗೆಯ ಸಂಬಳ ಬಾಕಿ ಉಳಿಸಿಕೊಂಡಿದೆ. ಕೇಳಿದರೆ, ಬಾಕಿಯೇ ಇಲ್ಲ ಅನ್ನುತ್ತಾರೆ. ಆ ಬೇಸಿಗೆಯಲ್ಲಿ ಅವಳು ಲಾರಿ ಓಡಿಸಲಿಲ್ಲವಂತೆ. ಹೌದು, ಓಡಿಸಲಿಲ್ಲ. ಗೇಟಿನ ಆಚೆ ನಿಲ್ಲಿಸಿದವರು ಯಾರು? ಒಳಗಿನಿಂದ ಚಿಲಕ ಹಾಕಿಕೊಂಡು, ಊಟಕ್ಕೆ ಯಾಕೆ ಬರಲಿಲ್ಲ ಅಂತ ಕೇಳುವ ಜನ ಇವರು.

ಅವಳು ಕೇಳಿದ್ದು ಅರಮನೆಯಲ್ಲ. ಕ್ಯಾಬಿನ್ನಿನ ಹಿಂದೆ, ಸೀಟಿನ ಬೆನ್ನಿಗೆ ಒಂದು ಮಂಚ ಇರುತ್ತದಲ್ಲ, ಅಲ್ಲಿ ಮಲಗಿದಾಗ ಎಂಜಿನ್ ಆರಿಸಿದರೂ ಓಡುವ ಒಂದು ಕೂಲರ್. ಅಷ್ಟೇ. ದಕ್ಷಿಣದ ಪೋರ್ಟ್ ಆಗಸ್ಟಾದಿಂದ ಮರುಭೂಮಿ ದಾಟಿ ಉತ್ತರದ ತುದಿಯ ಡಾರ್ವಿನ್‌ಗೆ, ಒಂದೇ ಲಾರಿಗೆ ಮೂರು ಟ್ರೇಲರ್ ಕಟ್ಟಿ ಎಳೆಯುವವಳು ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚುವುದಕ್ಕೆ ಬೇಕಾದಷ್ಟು ತಂಪು. ಇದಕ್ಕಾಗಿ ಏನೇನಾಯಿತು ಅಂತ ಹೇಳುತ್ತೇನೆ. ಆಗ ನಾನು, ಈ ಸ್ಟಾವ್ರೊ, ಕಂಪನಿಯ ಲಾರಿಗಳು ನಿಲ್ಲುವ ಯಾರ್ಡಿನಲ್ಲಿ ಯೂನಿಯನ್ ಪ್ರತಿನಿಧಿ. ಹೇಳುವುದಕ್ಕೆ ಹಕ್ಕಿದೆ.

ನೋಲೀನ್ ಹುಟ್ಟಿದ್ದು ಪೀಟರ್‌ಬರೋದಲ್ಲಿ, ರೈಲಿನವರ ಊರಲ್ಲಿ. ಅಪ್ಪ ರೈಲು ಡಬ್ಬಿ ಜೋಡಿಸುವವನು. ರೈಲು ನಿಂತ ಮೇಲೆ ಊರೂ ನಿಂತಿತು. ಇವಳು ಗೋಧಿ ಕೊಯ್ಲಿನ ಕಾಲದಲ್ಲಿ ಲಾರಿ ಹತ್ತಿದಳು. ತೂಕದ ಕಟ್ಟೆಯ ಮೇಲೆ ಒಬ್ಬ ಮುದುಕ ಮೂಗು ಮುರಿದು, "ಇದೇನಮ್ಮ, ಹುಡುಗಿ ಕೈಲಿ ಲಾರಿ?" ಅಂದನಂತೆ. "ಗೋಧಿಗೆ ಇನ್ನೂ ಗೊತ್ತಾಗಿಲ್ಲ. ನೀನೂ ಸುಮ್ನಿರು," ಅಂದಳಂತೆ ಇವಳು. ಆಮೇಲೆ ಕುರಿ ಸಾಗಿಸಿದಳು, ಪೈಪು ಸಾಗಿಸಿದಳು, ಗಣಿಗೆ ಸಿಡಿಮದ್ದು ಸಾಗಿಸಿದಳು. ಲಯಲ್ ಅಂತ ಒಬ್ಬ ಗಂಡನಿದ್ದ. ಒಮ್ಮೆ ಇವಳು ಡಾರ್ವಿನ್‌ಗೆ ಹೋಗಿ ಬರುವಷ್ಟರಲ್ಲಿ ಅವನು ಮೀನಿನ ದೋಣಿ, ಟೀವಿ ಎರಡನ್ನೂ ಕಟ್ಟಿಕೊಂಡು ಹೊರಟುಹೋಗಿದ್ದ. "ಫ್ರಿಜ್ ಬಿಟ್ಟುಹೋಗಿದಾನೆ, ಒಳ್ಳೆ ಮನುಷ್ಯ," ಅಂತ ಹೇಳಿ ಅದರಲ್ಲಿದ್ದ ಕುರಿಮಾಂಸ ಕೊಯ್ದು ಬ್ರೆಡ್ಡಿನ ನಡುವೆ ಇಟ್ಟುಕೊಂಡು ಮತ್ತೆ ಕೆಲಸಕ್ಕೆ ಬಂದಳು. ದಾರಿಯ ಹೋಟೆಲುಗಳ ಮಾಂಸ ತುಂಬಿದ ಪೈ ತಿನ್ನುತ್ತಿರಲಿಲ್ಲ. "ಒಳಗೆ ಏನಿದೆ ಅಂತ ಮಾಡಿದವನಿಗೂ ಗೊತ್ತಿರಲ್ಲ," ಅನ್ನುತ್ತಿದ್ದಳು. ಬೆನ್ನ ಮೇಲೆ ಸೊಂಟದ ತನಕ ನರೆತ ಜಡೆ. ಕತ್ತರಿಸೇ ಅಂದರೆ, ಲಾರಿಯಲ್ಲಿ ತನ್ನದು ಅಂತ ಇರುವುದು ಇದೊಂದೇ ಅನ್ನುವಳು.

ಈಗ ಬೂಟಿನ ವಿಷಯ. ಇದು ನಮ್ಮವರ ಪದ್ಧತಿ. ಉತ್ತರದ ಮರುಭೂಮಿಯಿಂದ ಬಿಸಿ ಗಾಳಿ ಬೀಸುವ ದಿನ ಕ್ಯಾಬಿನ್ನಿನ ಒಳಗೆ ಮಲಗುವುದೂ ಒಂದೇ, ಬೇಕರಿಯ ಒಲೆಯೊಳಗೆ ತೂರುವುದೂ ಒಂದೇ. ಆಗ ನಾವು ಕ್ಯಾನ್ವಾಸಿನ ಸುರುಳಿ ಹಾಸಿಗೆ ಎಳೆದುಕೊಂಡು ಟ್ರೇಲರಿನ ಅಡಿಗೆ ಹೋಗುತ್ತೇವೆ. ಅಲ್ಲಿ ನೆರಳಿದೆ, ನೆಲದ ಮೇಲೆ ಗಾಳಿ ಹರಿಯುತ್ತದೆ. ನೊಣ ಇರುತ್ತದೆ, ಇರಲಿ. ಆದರೆ ಅಡಿಯಲ್ಲಿ ಮಲಗಿದವರು ಮೇಲೆ ಕೂತವರಿಗೆ ಕಾಣುವುದಿಲ್ಲ. ಅದಕ್ಕೇ ಮಲಗುವ ಮುಂಚೆ ಎರಡೂ ಬೂಟಿನ ಲೇಸು ಗಂಟು ಹಾಕಿ ಸ್ಟಿಯರಿಂಗಿಗೆ ತೂಗುಹಾಕುವುದು. ಸ್ಟಿಯರಿಂಗ್ ಮೇಲೆ ಬೂಟಿದ್ದರೆ ಅಡಿಯಲ್ಲಿ ಒಂದು ಜೀವ ಇದೆ ಅಂತ ಅರ್ಥ. ಎಂತಹ ಕುಡುಕ ಡ್ರೈವರೂ ಆ ಬೂಟು ಮುಟ್ಟುವುದಿಲ್ಲ.

ಕಂಪನಿ ಕಟ್ಟಿದ ಮುದುಕ ಟ್ರೆವಾನಿಯನ್ ಸಂಬಳದ ವಿಷಯದಲ್ಲಿ ಕಲ್ಲಿನಿಂದ ಎಣ್ಣೆ ತೆಗೆಯುವಂಥವನೇ. ಅವನ ಎದುರಿಗೂ ಯಾರ್ಡ್ ಬಂದ್ ಮಾಡಿದ್ದೇವೆ, ಅವನ ಕಿಟಕಿಗೆ ಮೊಟ್ಟೆಯೂ ಬಿದ್ದಿದೆ. ಆದರೆ ಅವನು ಡ್ರೈವರಾಗಿದ್ದವನು. ಒಂದು ದಿನ ಲಾರಿ ಹೊರಡಬೇಕು, ಗಿರಾಕಿ ಫೋನಿನಲ್ಲಿ ಕೂಗಾಡುತ್ತಿದ್ದಾನೆ. ಮುದುಕ ಬಾಗಿಲು ತೆರೆದು ನೋಡಿ, ಮೆಟ್ಟಿಲ ಮೇಲೆ ಕೂತುಕೊಂಡ. "ಬೂಟು ನೇತಾಡ್ತಿದೆ ಕಣಯ್ಯಾ," ಅಂತ ಹೇಳಿ ಫೋನ್ ಇಟ್ಟ. ಅಡಿಯಲ್ಲಿ ಮಲಗಿದವನು ತಾನಾಗಿ ಎದ್ದು ಬರುವ ತನಕ ಅಲ್ಲಿಂದ ಅಲುಗಲಿಲ್ಲ.

ಮುದುಕ ಸತ್ತ. ಮಗ ಕಂಪನಿಯನ್ನು ಸಿಡ್ನಿಯ ದುಡ್ಡಿನವರಿಗೆ ಮಾರಿದ. ಅವರು ಕಳಿಸಿದ ಮ್ಯಾನೇಜರು ಗ್ರಾಂಟ್ ಪೆಲ್ಯು. ಇದಕ್ಕೆ ಮುಂಚೆ ಹೋಟೆಲುಗಳನ್ನು ನೋಡಿಕೊಳ್ಳುತ್ತಿದ್ದನಂತೆ. ಬಂದವನೇ ಯಾರ್ಡಿನಲ್ಲಿದ್ದ ನಮ್ಮ ಮಲಗುವ ಕೋಣೆಗೆ ಕಣ್ಣು ಹಾಕಿದ. ಮಂಚ, ಏಸಿ, ಒಂದು ಕೆಟಲ್, ಒಡೆದ ಕನ್ನಡಿ ಇದ್ದ ಕೋಣೆ. ಮನೆ ದೂರದಲ್ಲಿರುವವರು ಎರಡು ಓಟದ ನಡುವೆ ಅಲ್ಲಿ ಮಲಗುತ್ತಿದ್ದರು. ಮಂಚ ಎತ್ತಿಸಿ ಹೊರಗೆ ಹಾಕಿದ, ಗೋಡೆ ತುಂಬ ಕಂಪ್ಯೂಟರ್ ಪರದೆ ಹಾಕಿಸಿದ. ಪ್ರತಿ ಕ್ಯಾಬಿನ್ನಿಗೂ ಕ್ಯಾಮೆರಾ ಬಂತು. ರೆಪ್ಪೆ ಸ್ವಲ್ಪ ಹೆಚ್ಚು ಹೊತ್ತು ಮುಚ್ಚಿದರೆ ಸೀಟು ಅಂಡಿನ ಕೆಳಗೆ ಗರಗರ ಅನ್ನುತ್ತದೆ, ಆ ಕೋಣೆಯಿಂದ ಫೋನು ಬರುತ್ತದೆ. ಡ್ರೈವರಿಗೆ ನಿದ್ದೆ ಬರುತ್ತಿದೆ ಅಂತ ಕ್ಯಾಮೆರಾಕ್ಕೆ ಗೊತ್ತು. ಡ್ರೈವರು ನಿದ್ದೆ ಮಾಡಿಲ್ಲ ಅಂತ ಅದಕ್ಕೆ ಗೊತ್ತಿಲ್ಲ.

ಒಮ್ಮೆ ಗ್ಲೆಂಡಾಂಬೊ ಊರು ದಾಟಿದ ಮೇಲೆ ನೋಲೀನ್‌ಗೆ ಹಾಗೆ ಫೋನ್ ಬಂತು. "ನೋಲೀನ್, ಆಯಾಸ ಆಗ್ತಿದೆಯಾ?" ಅಂತ ಒಂದು ಹೆಣ್ಣು ದನಿ ಜೇನಿನಲ್ಲಿ ಅದ್ದಿ ಕೇಳಿತು.

"ನೀನು ಕೂತಿರೋದು ನನ್ನ ಮಂಚ ಇದ್ದ ಜಾಗದಲ್ಲಿ ಕಣಮ್ಮಾ," ಅಂದಳು ಇವಳು. "ಎದ್ದು ಜಾಗ ಬಿಡು. ಆಯಾಸ ಹೋಗತ್ತೆ."

ಕೋಣೆ ಹೋದ ಮೇಲೆ ಉಳಿದದ್ದು ಕ್ಯಾಬಿನ್. ಎಂಜಿನ್ ಓಡುತ್ತಿದ್ದರೆ ಏಸಿ ಓಡುತ್ತದೆ. ಆದರೆ ನಿಂತ ಲಾರಿಯಲ್ಲಿ ಎಂಜಿನ್ ಓಡಿದರೆ ಆ ಕೋಣೆಯ ಪರದೆಯ ಮೇಲೆ ಕೆಂಪು ಚುಕ್ಕೆ. ಡೀಸೆಲ್ ವ್ಯರ್ಥ, ಎಚ್ಚರಿಕೆ. ಮತ್ತೆ ಮಾಡಿದರೆ ಇನ್ನೊಂದು ಎಚ್ಚರಿಕೆ. ಕಾನೂನು ಹೇಳುತ್ತದೆ, ಗಾಡಿ ನಿಲ್ಲಿಸಿ ವಿಶ್ರಾಂತಿ ತಗೋ. ಕಂಪನಿ ಹೇಳುತ್ತದೆ, ಎಂಜಿನ್ ಆರಿಸಿ ತಗೋ. ಬಿಸಿಲು ಏನು ಹೇಳುತ್ತದೆ ಅಂತ ಇಬ್ಬರೂ ಕೇಳುವುದಿಲ್ಲ.

ನೋಲೀನ್ ಪೆಲ್ಯುನ ಕೋಣೆಗೆ ಹೋದಳು. ನಾನೂ ಜೊತೆಗಿದ್ದೆ.

"ಗ್ರಾಂಟ್, ಮಂಚಕ್ಕೆ ಕೂಲರ್ ಹಾಕಿಸು. ಬ್ಯಾಟರಿಯಲ್ಲಿ ಓಡೋದು ಬರತ್ತೆ. ಬೇರೆ ಕಂಪನಿಯವರೆಲ್ಲ ಹಾಕ್ಸಿದಾರೆ."

"ಹೊಸ ಹಾಸಿಗೆ ಕೊಟ್ಟಿದೀವಲ್ಲ ನೋಲೀನ್. ಮೆತ್ತಗೆ, ಮೈಗೆ ಹೊಂದ್ಕೊಳೋ ಅಂಥದ್ದು. ಹೋಟೆಲ್‌ಗೆ ಹಾಕೋ ಮಾಲು."

"ಕಾದ ಕಾವಲಿ ಮೇಲೆ ಮೆತ್ತನೆ ಬಟ್ಟೆ ಹಾಸಿದ್ರೆ ತಣ್ಣಗಾಗತ್ತಾ?"

"ಎಲ್ಲಾ ಒಂದೇ ಸಲ ಆಗಲ್ಲ. ಹಂತಹಂತವಾಗಿ ನೋಡೋಣ."

"ನಿನ್ನ ಕ್ಯಾಮೆರಾ ಕೋಣೇಲಿ ಏಸಿ ಹಗಲೂ ರಾತ್ರಿ ಓಡತ್ತಲ್ಲ?"

"ಅದು ಕಂಪ್ಯೂಟರ್‌ಗೋಸ್ಕರ. ಅವು ಬಿಸಿ ತಡ್ಕೊಳಲ್ಲ."

"ಓಹೋ. ಹಾಗಾದ್ರೆ ನನ್ನನ್ನೂ ಕಂಪ್ಯೂಟರ್ ಅಂತ ಬರ್ಕೊಳಪ್ಪಾ," ಅಂತ ಹೇಳಿ ಎದ್ದುಬಂದಳು. ಹೊರಗೆ ಬಂದು ಉಗುಳಿದಳು. "ಸ್ಟಾವ್ರೊ, ಇವನ ಹೋಟೆಲಲ್ಲಿ ಯಾರಾದ್ರೂ ಜೀವಸಹಿತ ಬೆಳಿಗ್ಗೆ ಎದ್ದಿದಾರಾ ವಿಚಾರ್ಸು."

ಜನವರಿಯಲ್ಲಿ, ಅಂದರೆ ಇಲ್ಲಿಯ ನಡುಬೇಸಿಗೆಯಲ್ಲಿ, ಡ್ರೈವರುಗಳು ಸಿಗದೆ ಕಂಪನಿ ಜಾಹೀರಾತು ಮಾಡಲು ಹೊರಟಿತು. ಯಾರಾದರೂ ಯಾಕೆ ಸಿಗುತ್ತಾರೆ? ಪೆಲ್ಯು ಅದಕ್ಕೆ ಕೊಟ್ಟ ಹೆಸರು 'ನಿಮ್ಮ ಚಕ್ರದ ಮೇಲಿನ ಮನೆ'. ಹೊಸ ಬಣ್ಣ ಹೊಡೆದ ಲಾರಿ ಬೇಕು, ಅದರೊಳಗಿನ ಹಾಸಿಗೆ, ಪುಟ್ಟ ಫ್ರಿಜ್, ಕಪ್ ಇಡುವ ಜಾಗ ಎಲ್ಲದರ ಫೋಟೊ ಬೇಕು. ಅಡಿಲೇಡ್‌ನಿಂದ ಫೋಟೊ ತೆಗೆಯುವ ಹುಡುಗಿಯನ್ನು ಕರೆಸಿದ. ಯಾರ್ಡಿನಲ್ಲಿ ಆ ದಿನ ಬಣ್ಣ ಮಾಸದೆ ನಿಂತಿದ್ದದ್ದು ನೋಲೀನ್‌ಳ ಲಾರಿ.

ಅವಳು ಆ ಬೆಳಿಗ್ಗೆಯಷ್ಟೇ ಉತ್ತರದಿಂದ ಬಂದಿದ್ದಳು. ಸಂಜೆ ಮತ್ತೆ ಹೊರಡಬೇಕು. ಮನೆ ಪೋರ್ಟ್ ಪಿರಿಯಲ್ಲಿ. ಹೋಗಿ ಬರುವುದರಲ್ಲೇ ನಿದ್ದೆಯ ಎರಡು ಗಂಟೆ ಹೋಗುತ್ತದೆ. ಯಾರ್ಡಿನಲ್ಲಿ ಒಂದು ಗಿಡವಿಲ್ಲ, ಬರೀ ಜಲ್ಲಿ. ಎಂಜಿನ್ ಆರಿಸಿ ಮಂಚದ ಮೇಲೆ ಮಲಗಿ ನೋಡಿದಳು. ಒದ್ದೆ ಮಾಡಿ ಮುಖದ ಮೇಲೆ ಹಾಕಿಕೊಂಡ ದಿಂಬಿನ ಚೀಲ ಒಣಗಿ ಕಾಗದವಾಯಿತು. ಎದ್ದಳು. ಎರಡು ಬಣ್ಣದ ಲೇಸಿನ ತನ್ನ ಬೂಟುಗಳನ್ನು ಗಂಟು ಹಾಕಿ ಸ್ಟಿಯರಿಂಗಿಗೆ ತೂಗುಹಾಕಿದಳು. ಹಾಸಿಗೆ ಸುರುಳಿ ಎಳೆದುಕೊಂಡು ಮೊದಲ ಟ್ರೇಲರಿನ ಅಡಿಗೆ, ಹಿಂದಿನ ಚಕ್ರಗಳ ಮುಂದೆ ನೆರಳು ದಟ್ಟವಾಗಿದ್ದ ಕಡೆಗೆ ಹೋದಳು. ಕಿವಿಗೆ ಹತ್ತಿ ತುರುಕಿಕೊಂಡಳು. ಯಾರ್ಡಿನಲ್ಲಿ ಸದಾ ಒಂದಲ್ಲ ಒಂದು ಎಂಜಿನ್ ಬೊಗಳುತ್ತಿರುತ್ತದೆ. ಕಿವಿ ಮುಚ್ಚದೆ ಯಾರಿಗೂ ನಿದ್ದೆ ಬರುವುದಿಲ್ಲ.

ಮಧ್ಯಾಹ್ನ ಪೆಲ್ಯು ಆ ಹುಡುಗಿಯನ್ನು ಕರೆದುಕೊಂಡು ಬಂದ. ಕ್ಯಾಬಿನ್ನಿನ ಬಾಗಿಲು ತೆಗೆದರೆ ಎದುರಿಗೆ ನೇತಾಡುತ್ತಿರುವ ಬೂಟು. ಉತ್ತರದ ಧೂಳು, ಬೆವರಿನ ವಾಸನೆ.

"ಥೂ, ಈ ಜನ! ಎಷ್ಟು ಹೇಳಿದ್ರೂ ಕ್ಯಾಬಿನ್ ಕೊಟ್ಟಿಗೆ ಮಾಡ್ಕೊಂಡಿರ್ತಾರೆ," ಅಂದ. ಲೇಸು ಹಿಡಿದೆಳೆದು ಬೂಟು ಕಿಟಕಿಯಿಂದಾಚೆ ಎಸೆದ.

ಹುಡುಗಿ ಬೋನೆಟ್ಟಿನ ಕಡೆ ನೋಡಿ, "ಕಂಪನಿ ಹೆಸರಿನ ಮೇಲೆ ನೆರಳು ಬಿದ್ದಿದೆ. ಸ್ವಲ್ಪ ಮುಂದೆ ತಗೊಂಡ್ರೆ ಬೆಳಕು ಸಿಗತ್ತೆ," ಅಂದಳಂತೆ. ಅವಳಿಗೇನು ಗೊತ್ತು ಪಾಪ. ಯಾರ್ಡಿನಲ್ಲಿ ಗಾಡಿ ಸರಿಸುವುದಕ್ಕೆಂದು ಪೆಲ್ಯು ದೊಡ್ಡ ಲೈಸೆನ್ಸ್ ಮಾಡಿಸಿಕೊಂಡಿದ್ದ. ಕೂತ, ಎಂಜಿನ್ ಹಚ್ಚಿದ, ಬ್ರೇಕ್ ಬಿಟ್ಟ.

ಲಾರಿ ತೊಳೆಯುವ ಕಟ್ಟೆಯ ಹತ್ತಿರ ಟಿಯೊ ಫೊನೋಟಿ ತನ್ನ ಗಾಡಿ ತೊಳೆಯುತ್ತಿದ್ದ. ಸಮೋವಾದವನು, ಆನೆಯಂಥ ಆಳು, ಭಾನುವಾರ ಚರ್ಚಿನಲ್ಲಿ ಹಾಡುವವನು. ನಾನು ಅವನ ಜೊತೆ ಮಾತಾಡುತ್ತಾ ನಿಂತಿದ್ದೆ. ಕಿಟಕಿಯಿಂದ ಬೂಟು ಹಾರಿ ಜಲ್ಲಿ ಮೇಲೆ ಬಿದ್ದದ್ದು ಅವನ ಕಣ್ಣಿಗೆ ಬಿತ್ತು. ಕೂಗಿದ್ದು ಸಮೋವಾ ಭಾಷೆಯಲ್ಲೋ ಯಾವ ಭಾಷೆಯಲ್ಲೋ, ನನಗೆ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಅವನು ಉದ್ದ ಹಿಡಿಯ ಬ್ರಷ್ ಹಿಡಿದು ಓಡಿ ಲಾರಿಯ ಮೂತಿಗೆ ಎದುರಾಗಿ ನಿಂತು, ಗಾಜಿಗೆ ಬಡಿಯುತ್ತಿದ್ದ.

"ನಿಲ್ಸೋ! ನಿಲ್ಸೋ ಬೋಳಿಮಗನೇ! ಅಡೀಲಿ ಜನ ಇದಾರೆ!"

ನಿಂತಿತು. ಅಷ್ಟರಲ್ಲಿ ಸರಿದಾಗಿತ್ತು.

ನಾನು ಮಂಡಿಯೂರಿ ಬಗ್ಗಿ ನೋಡಿದೆ. ಟೈರು ಹಾಸಿಗೆಯ ಅಂಚು ಹತ್ತಿ ನಿಂತಿದೆ. ನೋಲೀನ್ ಅಂಗಾತ ಮಲಗಿದ್ದಾಳೆ. ಕಣ್ಣು ಬಿಟ್ಟಿದೆ, ತಲೆ ಅಲುಗುತ್ತಿಲ್ಲ. ಜಡೆ ಪಕ್ಕಕ್ಕೆ ಬಿದ್ದಿದ್ದು ಟೈರಿನ ಅಡಿಗೆ ಹೋಗಿದೆ. ಟೈರಿಗೂ ಅವಳ ಕಿವಿಗೂ ನಡುವೆ ನನ್ನ ಅಂಗೈ ಹಿಡಿಯುವಷ್ಟು ಜಾಗ.

ಮೇಲಿಂದ ಪೆಲ್ಯು, "ಹಿಂದಕ್ಕೆ ತಗೊಳ್ಲಾ?" ಅಂದ.

"ಕೈ ಇಟ್ರೆ ಕೈ ಮುರೀತೀನಿ," ಅಂದ ಟಿಯೊ. ಮೂರು ಟ್ರೇಲರಿನ ಗಾಡಿಯನ್ನು ಹಿಂದಕ್ಕೆ ನೂಕಿದರೆ ಅದು ಯಾವ ಕಡೆಗೆ ಹೊರಳುತ್ತದೆಂದು ದೇವರಿಗೂ ಗೊತ್ತಿರುವುದಿಲ್ಲ. ಅವನೇ ಮೆಟ್ಟಿಲು ಹತ್ತಿ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದ, ಬ್ರೇಕ್ ಎಳೆದ, ಪೆಲ್ಯುನನ್ನು ಕಾಲರ್ ಹಿಡಿದು ಕೆಳಗಿಳಿಸಿದ. ಆಮೇಲೆ ಹಗ್ಗ ಕೊಯ್ಯುವ ಚಾಕು ತೆಗೆದುಕೊಂಡು ಅಡಿಗೆ ತೆವಳಿ, ಜಡೆಯನ್ನು ಬುಡದಲ್ಲಿ ಕೊಯ್ದ. ಕುರಿ ಉಣ್ಣೆ ಕತ್ತರಿಸಿದ ಹಾಗೆ ಸದ್ದಾಯಿತು.

ಹೊರಗೆ ಬಂದವಳು ಟ್ರೇಲರಿಗೆ ಒರಗಿ ಕೂತಳು. ಕಿವಿಯಿಂದ ಹತ್ತಿ ತೆಗೆದಳು. ಮೊದಲು ಆಡಿದ ಮಾತು, "ನನ್ನ ಬೂಟು ಎಲ್ಲಿ?"

ಫೋಟೊ ಹುಡುಗಿ ಅಳುತ್ತಾ ಹೋಗಿ ಬೂಟು ಎತ್ತಿಕೊಂಡು ಬಂದು ಕೊಟ್ಟಳು.

ಇನ್ನು ಮುಂದಿನದು ಕೇಳಿ. ಮೂರನೇ ದಿನ ಕಂಪನಿ ನೋಲೀನ್‌ಳನ್ನು ಸಂಬಳವಿಲ್ಲದೆ ಹೊರಗೆ ನಿಲ್ಲಿಸಿತು. ತಪ್ಪೇನು? ಅನುಮತಿಯಿಲ್ಲದ ಜಾಗದಲ್ಲಿ ಮಲಗಿದ್ದು. ಕಂಪನಿ ಕೊಟ್ಟ ಸುಸಜ್ಜಿತ ಮಂಚವನ್ನು ಬಳಸದೆ ಸ್ವಂತ ಜೀವಕ್ಕೂ ಕಂಪನಿಯ ಹೆಸರಿಗೂ ಅಪಾಯ ತಂದದ್ದು. ತುಳಿದವನ ಕಾಲಿಗೆ ಮುಳ್ಳು ಚುಚ್ಚಿತು ಅಂತ ಮುಳ್ಳಿಗೆ ದಂಡ ಹಾಕಿದ ಹಾಗೆ.

ನಾವು ಕಾರ್ಮಿಕ ನ್ಯಾಯಮಂಡಳಿಗೆ ದೂರು ಕೊಟ್ಟೆವು. ಫೆಬ್ರುವರಿಯ ಒಂದು ಮಧ್ಯಾಹ್ನ ವಿಚಾರಣೆಯ ಅಧಿಕಾರಿ ಯಾರ್ಡಿಗೇ ಬಂದಳು. ಟೋಪಿ ಹಾಕಿದ್ದ, ಮಾತು ಕಡಿಮೆಯ ಹೆಂಗಸು. ಕಂಪನಿಯ ಕಡೆ ಪೆಲ್ಯು, ಒಬ್ಬ ವಕೀಲ, ಸುರಕ್ಷತೆ ನೋಡಿಕೊಳ್ಳುವ ಇನ್ನೊಬ್ಬ. ನಮ್ಮ ಕಡೆ ನೋಲೀನ್, ತಲೆಗೂದಲು ಗಂಡುಹುಡುಗರ ಹಾಗೆ ಕತ್ತರಿಸಿಕೊಂಡು. ಕೊಯ್ದ ಜಡೆಯನ್ನು ತಂದು ಅವರ ಮುಂದೆ ಇಡು ಅಂತ ನಾನು ಹೇಳಿದ್ದೆ. "ಅದು ನನ್ನ ಕೂದಲು ಸ್ಟಾವ್ರೊ, ನಿನ್ನ ಬ್ಯಾನರ್ ಅಲ್ಲ," ಅಂದಿದ್ದಳು.

ವಕೀಲ ಹೇಳಿದ, ಮಂಚ ಮಲಗಲು ಯೋಗ್ಯವಾಗಿದೆ, ಹಾಸಿಗೆ ಉತ್ತಮ ದರ್ಜೆಯದು. ಅಧಿಕಾರಿ ಕೇಳಿದಳು, "ಈ ಬಿಸಿಲಲ್ಲೂ?"

"ಖಂಡಿತ," ಅಂದ ಪೆಲ್ಯು.

ನೋಲೀನ್ ಲಾರಿಯ ಬಾಗಿಲು ತೆರೆದಳು. "ಹತ್ತು ಗ್ರಾಂಟ್. ಮಲಗು. ಎಂಜಿನ್ ಆಫ್, ಬಾಗಿಲು ಹಾಕಿರತ್ತೆ. ನಾನು ಮಾಡ್ತಿದ್ದ ಹಾಗೇ. ನಾವೆಲ್ಲ ಇಲ್ಲೇ ನಿಂತಿರ್ತೀವಿ. ಸುಸ್ತಾದ್ರೆ ಬಡಿ, ತೆಗೀತೀವಿ."

ಪೆಲ್ಯು ನಕ್ಕ. ಮರ್ಯಾದೆ ಪ್ರಶ್ನೆ. ಕೋಟು ಬಿಚ್ಚಿ ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಸುರಕ್ಷತೆಯವನು ಓಡಿಬಂದು ಅವನ ತೋಳು ಹಿಡಿದ.

"ಬೇಡ ಗ್ರಾಂಟ್. ಅಪಾಯ ಎಷ್ಟು ಅಂತ ಮೊದ್ಲು ಅಂದಾಜು ಮಾಡ್ಬೇಕು. ಈ ಬಿಸೀಲಿ ಮುಚ್ಚಿದ ಜಾಗದಲ್ಲಿ ನಮ್ಮ ಸಿಬ್ಬಂದಿನ ಹಾಗೆಲ್ಲ ಮಲಗ್ಸೋಕಾಗಲ್ಲ. ನಿಯಮ ಇದೆ."

ವಕೀಲ ಕಣ್ಣು ಮುಚ್ಚಿಕೊಂಡ. ತೊಳೆಯುವ ಕಟ್ಟೆಯ ಕಡೆಯಿಂದ ಟಿಯೊನ ನಗು ಕೇಳಿಸಿತು. ಅಧಿಕಾರಿ ಟೋಪಿ ತೆಗೆದು ಹಣೆ ಒರೆಸಿಕೊಂಡು ಕೇಳಿದಳು, "ಹಾಗಾದರೆ ಇವರು ಯಾರ ಸಿಬ್ಬಂದಿ?"

ತೀರ್ಪು ನಮ್ಮ ಪರವಾಗಿ ಬಂತು. ನೋಲೀನ್‌ಳನ್ನು ವಾಪಸ್ ತಗೊಳ್ಳಿ, ಹೊರಗಿಟ್ಟ ಕಾಲದ ಸಂಬಳ ಕೊಡಿ, ಎಲ್ಲ ಲಾರಿಗೂ ಕೂಲರ್ ಹಾಕಿ. ನಾವು ಬಿಯರ್ ಕುಡಿದೆವು. ಕಾಗದದ ಮೇಲೆ ಗೆದ್ದವರು ಬೇಗ ಕುಡಿಯಬಾರದು. ಕಂಪನಿ ಮೇಲಿನ ಕೋರ್ಟಿಗೆ ಅಪೀಲು ಹಾಕಿಕೊಂಡು ಸಂಬಳ ತಡೆಹಿಡಿಯಿತು. ಕೂಲರ್ ಹಾಕಿದ್ದು ಒಂದೇ ಲಾರಿಗೆ. ಯಾವುದಕ್ಕೆ? ಕೊನೆಗೂ ತೆಗೆಸಿದ ಜಾಹೀರಾತಿನ ಫೋಟೊದಲ್ಲಿರುವ ಲಾರಿಗೆ. ನೋಲೀನ್‌ಳದ್ದೇ. ಅದರ ಕೀಲಿ ಕೊಟ್ಟು, "ನಿನಗೆ ಬೇಕಾದ್ದು ಸಿಕ್ತಲ್ಲ. ಇನ್ನು ಹೊರಡು," ಅಂದ ಪೆಲ್ಯು.

ಇಲ್ಲಿಗೆ ಅವಳು ಸುಮ್ಮನಾಗುತ್ತಾಳೆ ಅಂದುಕೊಂಡ. ಸುಮ್ಮನಾದರೆ ಬೈಯುವ ಹಕ್ಕು ನನಗೂ ಇರಲಿಲ್ಲ. ಆ ಹೊತ್ತಿಗೆ ಅವಳ ಮನೆಯಲ್ಲಿ ಲಯಲ್ ಬಿಟ್ಟುಹೋದ ಫ್ರಿಜ್ಜೂ ಮಾರಿಹೋಗಿತ್ತು.

ಅವಳು ಕೀಲಿ ತೆಗೆದುಕೊಂಡಳು. ಲಾರಿ ಹಚ್ಚಿದಳು. ಸೀದಾ ತಂದು ಯಾರ್ಡಿನ ಮುಖ್ಯ ಗೇಟಿನ ನಡುವೆ ಅಡ್ಡ ನಿಲ್ಲಿಸಿದಳು. ಎಂಜಿನ್ ಆರಿಸಿದಳು. ಎರಡು ಬಣ್ಣದ ಲೇಸಿನ ಬೂಟು ಬಿಚ್ಚಿ ಗಂಟು ಹಾಕಿ ಸ್ಟಿಯರಿಂಗಿಗೆ ತೂಗುಹಾಕಿದಳು. ಹಾಸಿಗೆ ಸುರುಳಿ ಎಳೆದುಕೊಂಡು ಟ್ರೇಲರಿನ ಅಡಿಗೆ ಹೋಗಿ ಮಲಗಿಬಿಟ್ಟಳು.

"ಮಂಚಕ್ಕೆ ಕೂಲರ್ ಇದೆಯಲ್ಲೇ ಮಾರಾಯ್ತಿ," ಅಂದೆ ಬಗ್ಗಿ.

"ಟಿಯೊ ಗಾಡೀಲಿ ಇದೆಯಾ?" ಅಂದಳು. "ನಿದ್ದೆ ಬರ್ತಿದೆ, ಹೋಗು."

ಟಿಯೊ ಬಂದು ತನ್ನ ದೋಣಿಯಂಥ ಬೂಟು ಬಿಚ್ಚಿ ಗೇಟಿನ ಸರಳಿಗೆ ಕಟ್ಟಿದ. ಉತ್ತರದಿಂದ ಬಂದವರು ಬಂದ ಹಾಗೆ ಕಟ್ಟಿದರು. ಸಂಜೆಗೆ ಗೇಟು ಚಮ್ಮಾರನ ಅಂಗಡಿಯಾಗಿತ್ತು. ಬರಿಗಾಲಲ್ಲಿ ಜಲ್ಲಿ ಮೇಲೆ ನಿಂತು ನಾವು ಕುಣಿದದ್ದು ಸಂತೋಷಕ್ಕಲ್ಲ, ಕಾಲು ಸುಡುತ್ತಿತ್ತು. ಪೆಲ್ಯು ಬೇರೆ ಕಂಪನಿಯ ಡ್ರೈವರುಗಳನ್ನು ಕರೆಸಿದ. ನಮಗೆ ಅವರು ಯಾರೆಂದೇ ಗೊತ್ತಿಲ್ಲ. ಬಂದರು, ಗೇಟು ನೋಡಿದರು. ಅವರಲ್ಲೊಬ್ಬ ಕೇಳಿದ, "ಅಡೀಲಿ ಯಾರು?"

"ನೋಲೀನ್."

"ಹಾಗಾದ್ರೆ ಎದ್ದ ಮೇಲೆ ಹೇಳಿ," ಅಂತ ಹೇಳಿ ವಾಪಸ್ ಹೋದರು.

ಪೆಲ್ಯು ಮಾತ್ರ ಕಲಿಯಲಿಲ್ಲ. ಹಿಂದಿನ ಬೇಲಿ ಒಡೆಸಿ ಇನ್ನೊಂದು ದಾರಿ ಮಾಡಿಸಿದ್ದಾನೆ. ಅಲ್ಲಿಂದ ಲಾರಿಗಳು ಹೊರಡುತ್ತಿವೆ. ಲಾರಿ ಕಲಿತು ಇನ್ನೂ ಬೂಟಿನ ಅರ್ಥ ಗೊತ್ತಾಗದವರು, ಗೊತ್ತಿದ್ದೂ ಮನೆ ಸಾಲಕ್ಕೆ ಹೆದರಿದವರು ಓಡಿಸುತ್ತಿದ್ದಾರೆ. ಅವರನ್ನು ನಾನು ಬೈಯುವುದಿಲ್ಲ. ಅವರೂ ಅದೇ ಒಲೆಯಲ್ಲಿ ಮಲಗಿ, ಅರೆಗಣ್ಣಿನಲ್ಲಿ, ನಿಮ್ಮ ಕಾರಿನ ಎದುರಿಗೆ ಬರುತ್ತಿದ್ದಾರೆ. ನೋಲೀನ್ ಇನ್ನೂ ಮುಂದಿನ ಗೇಟಿನಲ್ಲಿದ್ದಾಳೆ. ಕೂದಲು ಕಿವಿ ಮುಟ್ಟುವಷ್ಟು ಬೆಳೆದಿದೆ. ಸಂಬಳ ಬಂದಿಲ್ಲ.

ಅಂಗಡಿ, ಗೋದಾಮು ಇಟ್ಟುಕೊಂಡವರೇ, ಈಗ ನಿಮ್ಮ ಸರದಿ. ಆ ಹಿಂಬಾಗಿಲಿಂದ ಹೊರಟ ಸರಕು ಯಾರ ಅಂಗಡಿಗೆ, ಯಾರ ಗೋದಾಮಿಗೆ ಹೋಗುತ್ತದೆ? ನಿಮ್ಮದಕ್ಕೇ. ಲಾರಿ ಬಂದು ನಿಂತಾಗ ಮೊದಲು ಮೆಟ್ಟಿಲು ಹತ್ತಿ. ಎಂಜಿನ್ ಆರಿಸಲು ಹೇಳಿ, ಬಾಗಿಲು ಹಾಕಿಕೊಂಡು ಆ ಮೆತ್ತನೆಯ ಹಾಸಿಗೆಯ ಮೇಲೆ ಮಲಗಿ. ಮಲಗಲು ಆಗದಿದ್ದರೆ ಒಂದು ಪೆಟ್ಟಿಗೆಯನ್ನೂ ಇಳಿಸಿಕೊಳ್ಳಬೇಡಿ. ತಿರುಗಿಸಿ ಕಳಿಸಿ. ನೋಲೀನ್ ಹ್ಯಾಚರ್ಡ್‌ಳ ಸಂಬಳ ಕೊಟ್ಟು, ಎಲ್ಲ ಲಾರಿಗೂ ಕೂಲರ್ ಹಾಕಿಸಿ ಆಮೇಲೆ ಬಾ ಅಂತ ಪೆಲ್ಯುಗೆ ಫೋನ್ ಮಾಡಿ ಹೇಳಿ. ಮಾಡುತ್ತೀರೋ, ಇಲ್ಲವೋ?